ಗಾಂಧಾರದ ಅಡಿಯ ಗೆರೆ

ಮಲಪ್ರಭೆಯ ದಂಡೆಯ ಮೇಲೆ ಸಂಗಮಯ್ಯ ಗವಾಯಿಗಳ ಗುರುಕುಲವಿತ್ತು. ಗಂಟಲ ಬೇನೆಯಿಂದ ಅವರ ಹಾಡಿಕೆ ನಿಂತು, ಪಿಸುಮಾತಷ್ಟೇ ಉಳಿದಿತ್ತು. ಅವರ ರಾಗಗಳು ಅವರೊಂದಿಗೇ ಹೋಗಬಾರದೆಂದು ಶಿಷ್ಯೆ ನೀಲಗಂಗಾ ಹಟ ತೊಟ್ಟಳು. ತಾನು ಕಲಿತದ್ದನ್ನೂ, ಇನ್ನೂ ಕಲಿಯದೆ ಅವರ ಹಳೆಯ ಹಾಳೆಗಳಲ್ಲಿದ್ದುದನ್ನೂ ಸ್ವರಲಿಪಿಯಲ್ಲಿ ಬರೆಯತೊಡಗಿದಳು. ಎರಡು ವರ್ಷ ಹಿಡಿಯಿತು.

ಒಂದು ಮುಂಜಾನೆ ಪುಸ್ತಕ ಎದೆಗವಚಿಕೊಂಡು ಓಡಿ ಬಂದಳು.

“ಮುಗೀತ್ರೀ ಗುರುಗಳ! ಒಂದೂ ಬಿಟ್ಟಿಲ್ಲ. ಅಕ್ಷರದ ಮ್ಯಾಲೆ ಗೆರಿ ಇದ್ರ ತೀವ್ರ, ಸ್ವರ ಏರಸಬೇಕು; ಕೆಳಗಿದ್ರ ಕೋಮಲ, ಇಳಸಬೇಕು. ಇನ್ನ ಯಾರು ಬೇಕಾದ್ರೂ ನೋಡಿ ಹಾಡಬಹುದು!”

ಗುರುಗಳು ಕಾಫಿ ರಾಗದ ಪುಟ ತೆರೆದು ‘ಗ’ ಅಕ್ಷರದ ಮೇಲೆ ಬೆರಳಿಟ್ಟರು. ಅಡಿಯಲ್ಲಿ ಗೆರೆಯಿತ್ತು.

“ಕೋಮಲ ಗಾಂಧಾರ,” ಎಂದು ನೀಲಗಂಗಾ ಹಾಡಿ ತೋರಿಸಿದಳು. ಗುರುಗಳು ತಲೆದೂಗಿದರು.

ಆಮೇಲೆ ತೋಡಿಯ ಪುಟ. ಅದು ಅವಳು ಹಾಡಿ ಕಲಿಯದ ರಾಗ. ಅಲ್ಲೂ ‘ಗ’, ಅಲ್ಲೂ ಅದೇ ಗೆರೆ. ಅದೇ ಸ್ವರ ಹಾಡಿದಳು.

ಗುರುಗಳು ಅಲ್ಲವೆಂದು ತಲೆಯಾಡಿಸಿಬಿಟ್ಟರು. ತಂಬೂರಿ ತೊಡೆಯ ಮೇಲಿಟ್ಟುಕೊಂಡು ಒಂದು ತಂತಿಯನ್ನು ಅವಳ ಸ್ವರಕ್ಕೆ ಸರಿಯಾಗಿ ಶ್ರುತಿ ಮಾಡಿದರು. ಮತ್ತೆ ಕೂದಲೆಳೆಯಷ್ಟು ಸಡಿಲಿಸಿ ಮೀಟಿದರು.

ನೀಲಗಂಗಾ ಹಾಡುತ್ತ ಇಳಿದಳು. ಇನ್ನೂ ಇಳಿದಳು. ದನಿ ತಂತಿಯಲ್ಲಿ ಕೂಡಿಹೋಯಿತು. ಮೈ ಜುಮ್ಮೆಂದಿತು.

“ಅಯ್ಯ! ಇಲ್ಲೊಂದು ಗಾಂಧಾರ ಐತಿ! ಇದಕ್ಕ ಎರಡು ಗೆರಿ ಹಾಕ್ತೀನ್ರಿ!”

ಹಾಕಿದಳು. ಗುರುಗಳು ನಕ್ಕು ದರಬಾರಿ ರಾಗದ ಪುಟ ತೆರೆದು ಅಲ್ಲಿಯ ‘ಗ’ ತೋರಿಸಿದರು. ಈ ಸಲ ಬರಿಗೈಯನ್ನು ಗಾಳಿಯಲ್ಲಿ ಮೆಲ್ಲಗೆ ತೂಗಿದರು. ಅವಳ ದನಿ ಕೈಯ ಹಿಂದೆಯೇ ಹೋಯಿತು.

“ಗುರುಗಳ, ಇದು ನಿಲ್ಲವಲ್ದು! ತೊಟ್ಟಿಲಾಗೇತಿ!”

ಪೆನ್ನು ಎತ್ತಿದವಳಿಗೆ ಈ ತೂಗಾಟಕ್ಕೆ ಎಂಥ ಗೆರೆ ಹಾಕಬೇಕೋ ತಿಳಿಯಲಿಲ್ಲ. ಅವಳ ಮುಖ ಬಾಡಿತು. “ಹಂಗಾರ ಬರದದ್ದೆಲ್ಲಾ ಸುಳ್ಳೇನ್ರೀ?”

ಪುಟ ಹರಿಯಲು ಹೋದ ಕೈಯನ್ನು ಗುರುಗಳು ಹಿಡಿದುಕೊಂಡರು.

“ನಾಳೆ ನೀವಿರಂಗಿಲ್ಲ, ನಾನೂ ಇರಂಗಿಲ್ಲ. ಬರೇ ಪುಸ್ತಕ ಸಿಕ್ಕವರು ಏನ ಮಾಡಬೇಕ್ರೀ?”

ಗುರುಗಳು ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

“ಗೆರಿ ‘ಬಗ್ಗು’ ಅಂತೈತಿ, ಅಷ್ಟ. ಬಾಗಿಲ ಎಷ್ಟು ತಗ್ಗೈತಿ ಅನ್ನೂದು ಬಗ್ಗಿದ ತಲಿಗೇ ತಿಳೀತೈತಿ.”