ಕಾಗದದ ಬೋರಕ್ಕನೂ ಮನೆಗೆ ಬಂದ ಅಮ್ಮನೂ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಮೀಸೆ ಮೂಡುವ ಮುಂಚೆ, ಇದೇ ಹುಣಸೆಕಟ್ಟೆಯಲ್ಲಿ ಬೋರಕ್ಕ ಅಂತ ಒಬ್ಬಳಿದ್ದಳಂತೆ. ಅವಳಪ್ಪ ಜಗಲಿಯಲ್ಲಿ ಹುಡುಗರಿಗೆ ಮರಳ ಮೇಲೆ ಅಕ್ಷರ ತಿದ್ದಿಸುವಾಗ ಇವಳು ಕಂಬದ ಹಿಂದೆ ನಿಂತೇ ಕಲಿತುಬಿಟ್ಟಳಂತೆ. ಆಮೇಲೆ ಊರಿಗೆ ಬಂದ ಕಾಗದವೆಲ್ಲ ಅವಳ ಬಾಯಲ್ಲೇ. ಬರೆದವರಿಗೆ ಕೆಮ್ಮಿದ್ದರೆ ಓದುವಾಗ ಇವಳಿಗೂ ಕೆಮ್ಮು ಬರುತ್ತಿತ್ತಂತೆ. ಬಸುರಿ ಬರೆಸಿದ್ದಾದರೆ ಇವಳಿಗೇ ಹುಳಿ ತಿನ್ನುವ ಆಸೆಯಾಗುತ್ತಿತ್ತಂತೆ. ನಗಬೇಡಿ, ಕೇಳಿದ್ದನ್ನ ಹೇಳ್ತಿದ್ದೀನಿ.

ಒಂದು ದಿನ ಕೆಂಚವ್ವನಿಗೆ ಕಾಗದ ಬಂತು. ಅವಳ ಮಗಳು ಸಣ್ಣಕ್ಕನನ್ನು ಹೊಳೆಯಾಚೆ ಕೊಟ್ಟಿತ್ತು. ಸಣ್ಣಕ್ಕನ ಅತ್ತೆ ಇನ್ನೊಂದೂರಲ್ಲಿ ದೊಡ್ಡ ಮಗನ ಜೊತೆ ಇದ್ದಳು. ಆ ಬೀಗಿತ್ತಿಗೂ ಕೆಂಚವ್ವನಿಗೂ ಎಣ್ಣೆ ಸೀಗೇಕಾಯಿ. ಬೋರಕ್ಕ ಓದಿದಳು: "ಇಲ್ಲಿ ಎಲ್ಲರೂ ಕ್ಷೇಮ. ಮನೆಗೆ ಅಮ್ಮ ಬಂದಿದ್ದಾಳೆ. ಮಗುವನ್ನು ಬಿಟ್ಟು ಕದಲುವುದಿಲ್ಲ. ನಿಮ್ಮ ಕ್ಷೇಮಕ್ಕೆ ಬರೆಸಿರಿ."

ಕೆಂಚವ್ವನಿಗೆ ಮೈ ಉರಿಯಿತು. ಮೊಮ್ಮಗನನ್ನು ನೋಡಲು ಹೊರಟು ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿ ಒಗೆದಳು. ಬೀಗಿತ್ತಿಯೇ ಬಂದು ಕೂತ ಮೇಲೆ ತನಗೇನು ಕೆಲಸ, ಅವಳೇ ಆಡಿಸಲಿ ಅಂದಳಂತೆ. ಕೂಡಿದ ಹೆಂಗಸರೆಲ್ಲ ನಕ್ಕರಂತೆ.

ಬೋರಕ್ಕ ನಗಲಿಲ್ಲ. ಕಾಗದ ಹಿಡಿದ ಅವಳ ಕೈ ಕೆಂಡದ ಹಾಗೆ ಸುಟ್ಟಿತಂತೆ. ಕೆಂಡವೋ ಗಿಂಡವೋ, ನಾ ಕಾಣೆ. ನನ್ನ ಕೇಳಿದರೆ, ಅವಳನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು.

"ಕೆಂಚವ್ವ, ನಿನ್ ಮಗಳು ನಿನ್ನ ಏನಂತ ಕರೀತಾಳೆ?"

"ಅವ್ವ ಅಂತ."

"ಅತ್ತೇನ?"

"ಅತ್ತೆ ಅಂತ. ಇನ್ನೇನಂತಾಳೆ?"

"ಹಂಗಾದ್ರೆ ನಮ್ ಕಡೆ ಅಮ್ಮ ಅಂದ್ರೆ ಯಾರೇ?"

ನಗು ನಿಂತುಹೋಯಿತು. ಆಗೆಲ್ಲ ಸಿಡುಬಿನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೆಸರಿಟ್ಟು ಕರೆದರೆ ದೇವಿ ಮುನಿಯುತ್ತಾಳೆ ಅಂತ ಭಯ. ಅಮ್ಮ ಬಂದಿದ್ದಾಳೆ ಅನ್ನೋರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗೆ ನೆಂಟರು ಕಾಲಿಡುತ್ತಿರಲಿಲ್ಲ. ಪಾಪ, ಆ ಹುಡುಗಿ ಉರಿಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಹೊಸಿಲಾಚೆ ನಿಂತವರ ಕೈಲಿ ಕ್ಷೇಮ ಅಂತ ಬರೆಸಿದ್ದಳು.

ಕೆಂಚವ್ವ ತಲೆ ಮೇಲಿನ ಸೆರಗು ಬಿದ್ದದ್ದೂ ತಿಳಿಯದೆ ಓಡಿದಳಂತೆ. ಹಿಂದೆಯೇ ಬೋರಕ್ಕ. ತುಂಬಿದ ಹೊಳೆ ಇಬ್ಬರಿಗೂ ದಾರಿ ಬಿಟ್ಟಿತಂತೆ. ಬಿಟ್ಟಿತೋ, ಹರಿಗೋಲಿನವನನ್ನು ಬೈದು ದಾಟಿದರೋ! ಕೆಂಚವ್ವನ ಬಾಯಿ ಬಲ್ಲವರು ಎರಡನೆಯದನ್ನೇ ನಂಬುತ್ತಾರೆ.

ಬೋರಕ್ಕನ ಮುಖದ ತುಂಬ ಎಳೆತನದ ಸಿಡುಬಿನ ಕಲೆ. ಕೆಂಚವ್ವನನ್ನು ಹೊಸಿಲಲ್ಲೇ ತಡೆದು, ಅಮ್ಮ ಒಮ್ಮೆ ಬಂದವರ ಮೈಗೆ ಮತ್ತೆ ಬರೋದಿಲ್ಲ, ನಾನು ಹೋಗ್ತೀನಿ ಅಂದು ಒಳಗೆ ನುಗ್ಗಿದಳಂತೆ. ಅಮ್ಮ ಹೊರಡುವವರೆಗೂ ಅವಳು ಆ ಮಗುವಿನ ಪಕ್ಕ ಬಿಟ್ಟೇಳಲಿಲ್ಲ. ಕೆಂಚವ್ವ ಹೊರಗಿನಿಂದಲೇ ಮಗಳನ್ನು ಕೂಗಿ ಕೂಗಿ ಮಾತಾಡಿಸಿದಳು. ಮಗು ಉಳಿಯಿತು. ಒಂದು ಕಣ್ಣನ್ನು ಮಾತ್ರ ಅಮ್ಮ ತೆಗೆದುಕೊಂಡು ಹೋದಳು.

ಅದಕ್ಕೇ ಹುಣಸೆಕಟ್ಟೆಯವರು ಇವತ್ತಿಗೂ ಮೊದಲ ಮಾತಿಗೆ ಕ್ಷೇಮವನ್ನು ನಂಬುವುದಿಲ್ಲ. ದೂರ ಕೊಟ್ಟ ಮಗಳು ಫೋನಿನಲ್ಲಿ ಚೆನ್ನಾಗಿದ್ದೀನಿ ಅಂದರೆ, ತಾಯಿ "ಈಗ ಬೋರಕ್ಕನಿಗೆ ಹೇಳು" ಅನ್ನುತ್ತಾಳೆ. ಎಷ್ಟೋ ಹೆಣ್ಣುಮಕ್ಕಳು ಅಷ್ಟಕ್ಕೇ ಅತ್ತುಬಿಡುತ್ತಾರೆ.