ಉಮ್ಮತ್ತಿಯ ಬೇರು

ಪೂಜ್ಯ ನೀಲಗಂಗಮ್ಮನವರ ಮಠವೆಂದರೆ ತಗಡಿನ ಸೂರು, ಮಣ್ಣಿನ ಕಟ್ಟೆ, ಹಿಂದೆ ಔಷಧಿ ಗಿಡಗಳ ಒಂದು ತುಂಡು ಹೊಲ, ಇಷ್ಟೇ. ಕಾಯಿಲೆಯವರು ಬಂದರೆ ಅಮ್ಮನವರು ಅಶ್ವಗಂಧದ ಬೇರನ್ನು ತಾವೇ ಕುಟ್ಟಿ ಕೊಡುತ್ತಿದ್ದರು. ಆದರೆ ನೇಕಾರರ ಓಣಿಯ ದಾನಮ್ಮ ಆ ಬೇರಿನ ಕಷಾಯ ಕುಡಿದು, ನಾಲಿಗೆ ಒಣಗಿ, ಕಣ್ಣು ಅರಳಿಸಿ, ಏನೇನೋ ಬಡಬಡಿಸುತ್ತ ಸತ್ತ ಮೇಲೆ ಮಠದ ಕಡೆ ಯಾರೂ ತಲೆ ಹಾಕಿಯೂ ಮಲಗಲಿಲ್ಲ. ಬಾಗಿಲಿಗೆ ಕಲ್ಲು ಬಿದ್ದವು. ಅಮ್ಮನವರು ಅವನ್ನು ಆರಿಸಿ ಕಟ್ಟೆಯ ಬದಿಗೆ ಇಟ್ಟರು.

ಅಂಥ ಒಂದು ಮಧ್ಯಾಹ್ನ ವಿರೂಪಾಕ್ಷ ಮೇಟಿ ಬಂದ. ಕಳೆಗಳ ಮೇಲೆ ಸಂಶೋಧನೆ ಮಾಡುವವನು. ದೇವರು ದಿಂಡರೆಲ್ಲ ಅವನಿಗೆ ನಗೆಯ ಮಾತು. ಹೊಸ ಕಳೆನಾಶಕವೊಂದನ್ನು ಆ ವರ್ಷ ಮಠದ ಅಶ್ವಗಂಧದ ಹೊಲದಲ್ಲೇ ಪರೀಕ್ಷಿಸಿದ್ದ. ಉಳಿದ ಕಳೆಯೆಲ್ಲ ಸುಟ್ಟುಹೋದರೂ ವಿಷದ ಗಿಡ ಉಮ್ಮತ್ತಿ ಮಾತ್ರ ಅಲ್ಲಲ್ಲಿ ಮೇಲೆದ್ದುದನ್ನು ಕಣ್ಣಾರೆ ಕಂಡಿದ್ದ. ಪ್ರಯೋಗ ಗೆದ್ದಿತೆಂಬ ಹೆಮ್ಮೆಯಲ್ಲಿ ಅದನ್ನು ಮುಚ್ಚಿಟ್ಟಿದ್ದ. "ಇನ್ನ ಕೈಲೆ ಕಳೆ ಕೀಳೂದು ಬ್ಯಾಡ್ರಿ" ಎಂದು ಹೇಳಿ ಹೋಗಿದ್ದ. ಅಮ್ಮನವರು ನಂಬಿದರು. ಬೇರು ಅಗೆಯುವ ಹೊತ್ತಿಗೆ ಎಲೆಯೆಲ್ಲ ಒಣಗಿ ಉದುರಿ, ವಿಷದ ಬೇರೂ ಮದ್ದಿನ ಬೇರೂ ಒಂದೇ ಚೀಲ ಸೇರಿದವು. ದಾನಮ್ಮ ಸತ್ತ ಬಗೆ ಕಿವಿಗೆ ಬಿದ್ದ ಕೂಡಲೇ ಮೇಟಿಗೆ ಎಲ್ಲ ಹೊಳೆದಿತ್ತು. ಆದರೂ ಅವನು ಬಂದದ್ದು ತಪ್ಪೊಪ್ಪಿಕೊಳ್ಳಲಿಕ್ಕಲ್ಲ.

"ಅವ್ವಾರ, ಉಳಿದ ಬೇರು ಸುಟ್ಟುಬಿಡ್ರಿ. ಜನ ನಾಕು ದಿನ ಮಾತಾಡಿ ಮರೀತಾರ" ಎಂದ.

ಅಮ್ಮನವರು ಒಲೆಯ ಮೇಲಿನ ಪಾತ್ರೆ ಇಳಿಸಿದರು. ಅದೇ ಚೀಲದ ಬೇರಿನ ಕಷಾಯ. ಲೋಟಕ್ಕೆ ಬಗ್ಗಿಸಿಕೊಂಡು, "ಆಕಿಗೆ ಕೊಟ್ಟಾಕಿ ನಾನು. ನಾನೂ ಕುಡದು ನೋಡಬೇಕಲ್ಲಪಾ" ಎಂದು ತುಟಿಗೆ ಹಿಡಿದರು.

ಮೇಟಿ ಎದ್ದವನೇ ಲೋಟ ಕಸಿದು ಒಗೆದ. "ಕುಡೀಬ್ಯಾಡ್ರಿ! ಅದರಾಗ ಉಮ್ಮತ್ತಿ ಬೇರು ಐತಿ! ನನಗ ಗೊತ್ತೈತಿ!"

ಬಿಸಿ ಕಷಾಯ ಅಮ್ಮನವರ ಕೈಮೇಲೆ ಚೆಲ್ಲಿತ್ತು. ಅವರು ಒರೆಸಿಕೊಳ್ಳಲಿಲ್ಲ.

"ಈ ಮಾತು ದಾನಮ್ಮಗ ಯಾರೂ ಹೇಳಲಿಲ್ಲ, ತಮ್ಮಾ."

ಮೇಟಿ ಕುಸಿದು ಕುಳಿತು ಗೋಳೋ ಎಂದು ಅತ್ತ. ಅವನು ಅತ್ತು ಮುಗಿಯುವ ತನಕ ಅಮ್ಮನವರು ಕಾದು, ಅವನನ್ನು ಕರೆದುಕೊಂಡು ನೇಕಾರರ ಓಣಿಗೆ ನಡೆದರು.

ದಾನಮ್ಮನ ಗಂಡ ಈರಣ್ಣ ಮಗ್ಗದ ಮುಂದೆ ಸುಮ್ಮನೆ ಕುಳಿತಿದ್ದ. ಮೇಟಿ ನಡೆದದ್ದನ್ನೆಲ್ಲ ಹೇಳಿ, ಹೊಡೆತ ಬೀಳುತ್ತದೆಂದು ತಲೆ ತಗ್ಗಿಸಿ ನಿಂತ.

ಈರಣ್ಣ ಮಗ್ಗ ಬಿಟ್ಟು ಎದ್ದು ಬಂದ. "ಆಕಿ ಒಲ್ಲೆ ಅಂದ್ಲು, ಸರ. ಕುಡದ್ರ ಎದಿ ಬಡಕೋತೈತಿ ಅಂದ್ಲು. ಹಟ ಮಾಡ್ತಾಳಂತ ಬೈದು, ನಾನೇ ಹಿಡದು ಕುಡಿಸಿದೆ. ನನ್ನ ಕೈಯಾರೆ ಕೊಂದೆ ಅಂತ ಇದೇ ಓಣಿಯ ಆಕಿ ತವರಿನವರು ಬೈತಾರ, ನಾನೂ ಹಂಗ ಅನಕೊಂಡಿದ್ದೆ." ಅವನು ಮೇಟಿಯ ತೋಳು ಹಿಡಿದ. "ಹೊರಗ ಬರ್ರಿ. ಓಣಿಗೆಲ್ಲ ಕೇಳೂಹಂಗ ಹೇಳ್ರಿ. ಆಕಿ ತವರಿನವರೂ ಕೇಳಲಿ."

ಮೇಟಿ ಓಣಿಯ ನಡುವೆ ನಿಂತ. ಅಮ್ಮನವರು ಅವನ ಪಕ್ಕಕ್ಕೆ ಬಂದು, ಈರಣ್ಣನ ಮನೆಯ ಕಡೆ ಕೈಮುಗಿದು ನಿಂತರು.

"ದಾನಮ್ಮನ್ನ ಕೊಂದಾಂವ ಈರಣ್ಣ ಅಲ್ಲ" ಎಂದು ಮೇಟಿ ಕೂಗಿದ. "ಮಠದ ಅವ್ವನೂ ಅಲ್ಲ. ನಾನು!"

ಮಗ್ಗಗಳ ಸದ್ದು ನಿಂತಿತು. ಒಂದೊಂದೇ ಬಾಗಿಲು ತೆರೆಯಿತು. ತೆರೆದ ಪ್ರತಿ ಬಾಗಿಲಿಗೂ ಅವನು ಅದನ್ನೇ ಮತ್ತೆ ಹೇಳಿದ.