ಒದ್ದೆ ಮಾಡಿದ ಗಡ್ಡ

"ಗುರುಗಳೇ, ಕುಡಿತ ಬಿಡಬೇಕೆನ್ನುವವನು ಕುಡಿದು ಕೆಟ್ಟವರ ನಡುವೆಯೇ ಹೋಗಿ ಕುಳಿತರೆ ಏನು ಬಂತು?" ಎಂದು ಶಿಷ್ಯ ಮರುಳಯ್ಯ ಕೇಳಿದ. "ನನ್ನ ಅಣ್ಣ ಅಂಥವರು ಕೂಡುವ ಜಾಗ ಹುಡುಕುತ್ತಿದ್ದಾನೆ. ಜೊತೆಗೆ ಬಾ ಎಂದು ನನ್ನನ್ನೂ ಕರೆದ. ಕುರುಡನ ಕೈ ಕುರುಡ ಹಿಡಿದರೆ ಇಬ್ಬರೂ ಹಳ್ಳಕ್ಕೆ ಬೀಳುತ್ತಾರೆ ಎಂದು ಬುದ್ಧಿ ಹೇಳಿ ಕಳಿಸಿದೆ. ಸರಿ ತಾನೇ?"

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕ್ಷೌರಿಕನಿದ್ದ. ಒಳ್ಳೆಯ ಕೈ. ಅವನ ಕತ್ತಿ ಕೆನ್ನೆಯ ಮೇಲೆ ಹೋದದ್ದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು ಜನ. ಆಮೇಲೆ ಹೆಂಡದ ಚಟ ಹತ್ತಿತು. ಬೆಳಗಾದರೆ ಕೈ ನಡುಗುವುದು. ಒಂದು ಗುಟುಕು ಬಿದ್ದರೆ ನಿಲ್ಲುವುದು. ಒಂದು ದಿನ ಗುಟುಕು ಬಿದ್ದರೂ ನಿಲ್ಲಲಿಲ್ಲ. ವ್ಯಾಪಾರಿಯೊಬ್ಬನ ಕಿವಿಯ ತುದಿ ಕೊಯ್ದುಬಿಟ್ಟ. ಮುಗಿಯಿತು. ಅಂದಿನಿಂದ ಪೇಟೆಯಲ್ಲಿ ಯಾರೂ ಅವನಿಗೆ ಕತ್ತು ಕೊಡಲಿಲ್ಲ. ಕ್ಷೌರಿಕನಿಗೆ ಕತ್ತು ಕೊಡುವವರೇ ಇಲ್ಲವೆಂದರೆ ಬದುಕಿದ್ದು ಏನು ಮಾಡಬೇಕು? ದೀಪ ಮುಟ್ಟಿ ಆಣೆ ಮಾಡಿದ. ದೀಪ ಆರುವ ಮುನ್ನವೇ ಮುರಿದ.

ಕುಡಿತ ಬಿಟ್ಟವರು ಎಲ್ಲೋ ಒಂದು ಕಡೆ ಕೂಡುತ್ತಾರೆ ಎಂಬ ಮಾತು ಅವನ ಕಿವಿಗೆ ಬಿತ್ತು. ಅಲ್ಲಿ ಏನು ಕೊಡುತ್ತಾರೆ? ಬೇರೋ? ಮಂತ್ರವೋ? ತಾಯಿತವೋ? ತಿಳಿಯದೆ ಇರಲಾರದಾದ. ಪೆಟ್ಟಿಗೆ ಬಗಲಿಗಿಟ್ಟುಕೊಂಡು ಹುಡುಕಲು ಹೊರಟ.

ಪೂಜಾರಿಯನ್ನು ಕೇಳಿದ. ಪೂಜಾರಿ ಮನಸ್ಸು ಗಟ್ಟಿ ಮಾಡಿಕೋ ಎಂದ. ವೈದ್ಯನನ್ನು ಕೇಳಿದ. ವೈದ್ಯ ಹೆಂಡತಿ ಮಕ್ಕಳ ಮುಖ ನೋಡು ಎಂದ. ಗೌಡನನ್ನು ಕೇಳಿದ. ಗೌಡ ಒಂದು ಕೈಯಲ್ಲಿ ವಾರದ ಗಡ್ಡ ಕೆರೆದುಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಕತ್ತು ಮುಚ್ಚಿಕೊಂಡು, ಮಾನವಂತನಾಗಿ ಬಾಳಪ್ಪಾ ಎಂದ. ಬುದ್ಧಿಮಾತಿಗೇನು ಬರವೇ! ಜಾಗ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಸೋತುಹೋಗಿ ಕಾಲು ಎಳೆದ ಕಡೆಗೆ ಹೋದ, ಅಂದರೆ ಹೆಂಡದಂಗಡಿಗೆ. ಬಾಯಿ ತಪ್ಪಿ ಅಲ್ಲೂ ಅದನ್ನೇ ಕೇಳಿದ. ಅಂಗಡಿಯವನು ಉರಿದುಬಿದ್ದ.

"ಗೊತ್ತಿಲ್ಲದೆ ಏನು? ನನ್ನ ಹಳೆಯ ಗಿರಾಕಿಗಳೆಲ್ಲ ಈಗ ಅಲ್ಲೇ ಹೋಗಿ ಸಾಯುತ್ತಾರೆ. ಹಗ್ಗ ಹೊಸೆಯುವವರ ಕೇರಿ, ಕೊನೆಯ ಚಪ್ಪರ. ಹೋಗು, ಹೋಗು. ಸಂಜೆಗೆ ಇಲ್ಲೇ ಬರುತ್ತೀಯ."

ಚಪ್ಪರದಲ್ಲಿ ಒಂದು ಚಾಪೆ, ಒಂದು ನೀರಿನ ಕೊಡ, ಕೆಲವು ಜನ. ಬೇರಿಲ್ಲ, ಮಂತ್ರವಿಲ್ಲ. ಔಷಧ ಕೊಡುವವರು ಯಾರು ಎಂದು ಕ್ಷೌರಿಕ ಕೇಳಿದ. ನಾವೂ ಅದನ್ನೇ ಕೇಳಿಕೊಂಡು ಬಂದವರು ಎಂದು ಅವರು ನಕ್ಕರು. ಇಷ್ಟಕ್ಕೇ ಇಷ್ಟು ಅಲೆದೆನೇ ಎಂದು ಕ್ಷೌರಿಕನಿಗೆ ಬೇಸರವಾಯಿತು. ಹೊರಡಲು ಎದ್ದ.

ಹಗ್ಗ ಹೊಸೆಯುವ ಮುದುಕನೊಬ್ಬ ಅವನ ಬಗಲಿನ ಪೆಟ್ಟಿಗೆ ನೋಡಿದ. ಎದುರಿಗೆ ಬಂದು ಕುಳಿತು ಕತ್ತೆತ್ತಿದ.

"ಗಡ್ಡ ತೆಗೆ."

"ಕೈ ನಡುಗುತ್ತದೆ, ಯಜಮಾನರೇ."

"ಕಾಣುತ್ತದೆ. ನನ್ನದೂ ನಡುಗುತ್ತಿತ್ತು. ಮೊದಲು ನೀರು ಹಚ್ಚು."

ಕ್ಷೌರಿಕ ನೀರು ಹಚ್ಚಿದ. ಕತ್ತಿ ತೆಗೆದ. ಆಗಲಿಲ್ಲ, ಕೆಳಗಿಟ್ಟ. ಮುದುಕ ಮುಖ ಒರೆಸಿಕೊಂಡು ನಾಳೆ ಬಾ ಎಂದ. ಒದ್ದೆ ಮಾಡಿದ ಗಡ್ಡವನ್ನು ತೆಗೆಯದೆ ಬಿಡುವುದು ಆ ಕಸುಬಿಗೆ ಸಲ್ಲದು. ಇನ್ನೊಬ್ಬನ ಕೈಗೆ ಬಿಡುವುದು ಇನ್ನೂ ಸಲ್ಲದು. ಇದು ಕ್ಷೌರಿಕನಿಗೆ ಗೊತ್ತಿತ್ತು. ಮುದುಕನಿಗೂ ಗೊತ್ತಿತ್ತು.

ಸಂಜೆ ಹೆಂಡದಂಗಡಿಯ ಮುಂದೆ ಕಾಲು ನಿಂತಿತು. ಒಂದು ಗುಟುಕು ಹಾಕಿದರೆ ಕೈಯೂ ನಿಂತೀತು, ಗಡ್ಡವೂ ಮುಗಿದೀತು ಎಂದಿತು ಒಂದು ಮನಸ್ಸು. ಹೆಂಡದ ಬಾಯಿ ಇಟ್ಟುಕೊಂಡು ಆ ಕತ್ತಿನ ಹತ್ತಿರ ಬಗ್ಗುವುದು ಹೇಗೆ ಎಂದಿತು ಇನ್ನೊಂದು ಮನಸ್ಸು. ಹಲ್ಲು ಕಚ್ಚಿ ಮನೆಗೆ ಹೋದ.

ಮರುದಿನವೂ ಮುದುಕ ಬಂದು ಕುಳಿತ. ನೀರು ಹಚ್ಚಿಸಿಕೊಂಡ, ಒರೆಸಿಕೊಂಡ, ಎದ್ದ. ಅದರ ಮರುದಿನವೂ ಹಾಗೇ. ಗಡ್ಡ ಬೆಳೆಯಿತು. ಸನ್ಯಾಸಿಯಾದೆಯಾ ಎಂದು ಚಪ್ಪರದವರು ಗೇಲಿ ಮಾಡಿದರು. ಇದೇನು ಅವತಾರ ಎಂದು ಹೆಂಡತಿ ಬೈದಳು. ಆದರೂ ಮುದುಕ ಬೇರೆ ಕ್ಷೌರಿಕನ ಹತ್ತಿರ ಹೋಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಡುಕ ಅರ್ಧಕ್ಕರ್ಧ ಇಳಿದಿತ್ತು.

"ಕೊಯ್ದರೆ?" ಎಂದ ಕ್ಷೌರಿಕ.

"ಕೊಯ್ದರೆ ಅರಿಶಿನ ಇದೆ" ಎಂದ ಮುದುಕ.

ಸ್ವಲ್ಪ ಕೊಯ್ದಿತು. ಅರಿಶಿನ ಹಚ್ಚಿದರು. ಗಡ್ಡ ಮುಗಿದಾಗ ಕ್ಷೌರಿಕ ಕತ್ತಿ ಕೆಳಗಿಟ್ಟು ಗಳಗಳನೆ ಅತ್ತ. ಮುದುಕ ನುಣುಪಾದ ಕೆನ್ನೆ ಸವರಿಕೊಂಡು ಎದ್ದ. ಆ ಜಾಗಕ್ಕೆ ಇನ್ನೊಬ್ಬ ಬಂದು ಕುಳಿತ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಇನ್ನೂ ಏನೋ ಉಳಿದಿದೆ ಎನಿಸಿತು.

"ಗುರುಗಳೇ, ಅಷ್ಟು ದಿನ ಎದುರಿಗೇ ಕುಳಿತಿದ್ದನಲ್ಲ, ಆ ಮುದುಕ ಅವನಿಗೆ ಒಂದು ಬುದ್ಧಿಮಾತನ್ನಾದರೂ ಹೇಳಲಿಲ್ಲವೇ?"

"ಕತ್ತು ಕೊಡಲಾರದವರು ಬುದ್ಧಿ ಹೇಳುತ್ತಾರೆ, ಮಗು."